ಹೆನ್ರಿ ಇರ್ವಿನ್ ಮತ್ತು ಅವರ ಕಟ್ಟಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಂಧಿ–ಇರ್ವಿನ್ ಒಪ್ಪಂದದ ಇರ್ವಿನ್ ಇವರೇನಾ?

ಅಲ್ಲ. ವೈಸರಾಯ್ ಲಾರ್ಡ್ ಇರ್ವಿನ್ ಭಾರತಕ್ಕೆ ಬಂದದ್ದು 1926ರಲ್ಲಿ. ಮೈಸೂರು ಅರಮನೆಯ ವಿನ್ಯಾಸ ಮಾಡಿದ ಹೆನ್ರಿ ಇರ್ವಿನ್ ಅದಕ್ಕೆ ನಾಲ್ಕು ವರ್ಷ ಮೊದಲೇ, 1922ರಲ್ಲಿ ತೀರಿಕೊಂಡಿದ್ದರು. ಮೈಸೂರಿನ ಇರ್ವಿನ್ ರಸ್ತೆಯಾಗಲಿ, ಈಗ ವಿಶ್ವೇಶ್ವರಯ್ಯ ನಾಲೆ ಎನಿಸಿಕೊಂಡಿರುವ ಹಳೆಯ ಇರ್ವಿನ್ ನಾಲೆಯಾಗಲಿ ವೈಸರಾಯರ ಹೆಸರಿನವು. ಅರಮನೆ ಕಟ್ಟಿಸಿದವನ ಹೆಸರು ರಸ್ತೆಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಈ ಇರ್ವಿನ್ ಯಾರು?

ಐರ್ಲೆಂಡಿನವರು, 1841ರಲ್ಲಿ ಹುಟ್ಟಿದವರು. ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ದುಡಿದವರು. ಮೊದಲು ಶಿಮ್ಲಾ, ಆಮೇಲೆ ಮದ್ರಾಸು, ಕೊನೆಗೆ ಮೈಸೂರು: ಅವರ ವೃತ್ತಿಯನ್ನು ಹೀಗೆ ಮೂರು ಊರುಗಳಲ್ಲಿ ಹೇಳಿ ಮುಗಿಸಬಹುದು. ಮದ್ರಾಸಿನಲ್ಲಿ ಸರ್ಕಾರದ ಸಲಹಾ ವಾಸ್ತುಶಿಲ್ಪಿಯಾಗಿದ್ದರು. ಅವರಿಗೂ ಮೊದಲು ಆ ಕುರ್ಚಿಯಲ್ಲಿ ಕೂತು ಹೆಸರು ಮಾಡಿದವರು ರಾಬರ್ಟ್ ಚಿಸಮ್.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಇರ್ವಿನ್ ಕಟ್ಟಡಗಳ ಗುಮ್ಮಟ, ಕಮಾನುಗಳನ್ನು ನೋಡಿ ಅವರನ್ನು ಅಲಂಕಾರದ ಕವಿ ಎನ್ನುವವರೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಅವರು ಮೊದಲು ಎಂಜಿನಿಯರ್. ಬೆಂಕಿ, ಮಳೆ, ಭಾರ ಈ ಮೂರರ ಲೆಕ್ಕ ಮುಗಿದ ಮೇಲೆಯೇ ಅಲಂಕಾರದ ಸರದಿ. ಮುಂದಿನ ಉತ್ತರಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೈಸೂರಿನ ಹಳೆಯ ಅರಮನೆಗೆ ಏನಾಯಿತು?

ಸುಟ್ಟುಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಒಡೆಯರ ಆಳ್ವಿಕೆ ಮರಳಿ ಬಂದು, ಮುಮ್ಮಡಿ ಕೃಷ್ಣರಾಜ ಒಡೆಯರ ಹೊತ್ತಿನಲ್ಲಿ, 1803ರ ಸುಮಾರಿಗೆ, ಮರದ ಕಂಬ, ಮರದ ತೊಲೆ, ಮರದ ಮಾಡಿನ ಅರಮನೆ ಎದ್ದಿತ್ತು. 1897ರ ಫೆಬ್ರುವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ ಬೆಂಕಿ ಬಿದ್ದು ಅದರ ಬಹುಭಾಗ ಹೋಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕ. ರಾಜ್ಯಭಾರ ರಾಜಪ್ರತಿನಿಧಿಯಾಗಿದ್ದ ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಕೈಯಲ್ಲಿತ್ತು. ಹೊಸ ಅರಮನೆಯ ಕೆಲಸವನ್ನು ಇರ್ವಿನ್‌ಗೆ ವಹಿಸಿದವರು ಅವರೇ. ಅದೇ ವರ್ಷದ ಅಕ್ಟೋಬರಿನಲ್ಲಿ ಕೆಲಸ ಶುರುವಾಯಿತು. ಅರಮನೆ ಏಳುವವರೆಗೆ ರಾಜಮನೆತನ ಜಗನ್ಮೋಹನ ಅರಮನೆಯಲ್ಲಿತ್ತು. 1902ರಲ್ಲಿ ನಾಲ್ವಡಿಯವರ ಪಟ್ಟಾಭಿಷೇಕ ನಡೆದದ್ದೂ ಅಲ್ಲಿಯೇ.

ಕೆಲಸ ಎಷ್ಟು ವರ್ಷ ನಡೆಯಿತು? ಖರ್ಚೆಷ್ಟು? ಅಳತೆ ಎಷ್ಟು?

1897ರಿಂದ 1912ರವರೆಗೆ, ಹದಿನೈದು ವರ್ಷ. ಲೆಕ್ಕಕ್ಕೆ ಬಂದ ಖರ್ಚು 41,47,913 ರೂಪಾಯಿ. ಮುಖ್ಯ ಕಟ್ಟಡದ ಉದ್ದ 245 ಅಡಿ, ಅಗಲ 156 ಅಡಿ. ಮೂರಂತಸ್ತಿನ ಬೂದು ಕಲ್ಲಿನ ಕಟ್ಟಡದ ನಡುವೆ ಏಳುವ ಐದಂತಸ್ತಿನ ಗೋಪುರದ ಎತ್ತರ 145 ಅಡಿ. ತುದಿಯ ಗುಮ್ಮಟಕ್ಕೆ ಚಿನ್ನದ ಮೆರುಗು, ಉಳಿದ ಗುಮ್ಮಟಗಳಿಗೆ ಗುಲಾಬಿ ಛಾಯೆ.

ಬೆಂಕಿ ತಗುಲದಂತೆ ಕಟ್ಟಿದ್ದಾರೆ ಅನ್ನುತ್ತಾರಲ್ಲ, ಅದು ಹೇಗೆ?

"ಬೆಂಕಿ ತಗುಲದ ಕಟ್ಟಡ" ಎಂಬುದೇ ಇಲ್ಲ. ಬೆಂಕಿಗೆ ಆಹಾರವಾಗದ ಕಟ್ಟಡ ಇದೆ, ಅಷ್ಟೆ. ಹಳೆಯ ಅರಮನೆಯಲ್ಲಿ ಭಾರ ಹೊತ್ತಿದ್ದದ್ದೇ ಮರ. ಮರಕ್ಕೆ ಬೆಂಕಿ ಹತ್ತಿತೆಂದರೆ ಅಲಂಕಾರವೂ ಹೋಯಿತು, ಆಧಾರವೂ ಹೋಯಿತು. ಹೊಸ ಅರಮನೆಯಲ್ಲಿ ಭಾರ ಹೊರುವ ಕೆಲಸವನ್ನು ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ವಹಿಸಿ, ಮರವನ್ನು ಬಾಗಿಲು, ಕೆತ್ತನೆ, ಚಾವಣಿಯ ಒಳಮೈಗೆ ಸೀಮಿತಗೊಳಿಸಲಾಯಿತು. ರಾಜರ ಖಾಸಗಿ ದರ್ಬಾರು ನಡೆಯುತ್ತಿದ್ದ ಅಂಬಾವಿಲಾಸದ ದಂತ ಕೂರಿಸಿದ ಬೀಟೆಮರದ ಬಾಗಿಲು ಎಷ್ಟೇ ಬೆಲೆಬಾಳಲಿ, ಅದರ ಮೇಲೆ ಮಾಡು ನಿಂತಿಲ್ಲ.

ಆದರೆ ಕಬ್ಬಿಣಕ್ಕೂ ಅದರದೇ ಕಾಯಿಲೆಗಳಿವೆ. ಉಕ್ಕು 550 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬಲದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬೀಡು, ಅಂದರೆ ಎರಕದ ಕಬ್ಬಿಣ, ಕಾದಿರುವಾಗ ತಣ್ಣೀರು ಬಿದ್ದರೆ ಸೀಳಿಬಿಡಬಹುದು. ಹಾಗಾಗಿ ಇಂಥ ಕಟ್ಟಡದ ಸುರಕ್ಷತೆ ಇರುವುದು ಸುಡುವ ಸಾಮಾನನ್ನು ಒಳಗೆ ಪೇರಿಸದೆ ಇರುವುದರಲ್ಲಿ. ಜಾತ್ರೆ, ಸಮಾರಂಭದ ಹೊತ್ತಿಗೆ ಬಟ್ಟೆಯ ಚಪ್ಪರ, ಪ್ಲಾಸ್ಟಿಕ್ ಹೂವು, ತಾತ್ಕಾಲಿಕ ವೈರಿಂಗ್ ಸೇರಿಕೊಂಡರೆ ಕಲ್ಲು–ಕಬ್ಬಿಣದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಕಲ್ಯಾಣ ಮಂಟಪದ ಕಂಬಗಳು ಸ್ಕಾಟ್ಲೆಂಡಿನಿಂದ ಬಂದವು ಎನ್ನುವುದು ನಿಜವೇ?

ನಿಜ. ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸರಾಸೆನ್ ಫೌಂಡ್ರಿಯಲ್ಲಿ ಎರಕ ಹೊಯ್ದ ಬೀಡಿನ ಕಂಬಗಳು ಅವು. ಎಂಟು ಮೂಲೆಯ ಮಂಟಪದ ನಡುಜಾಗದ ಸುತ್ತ ನಿಂತು, ಮೇಲಿನ ಬಣ್ಣದ ಗಾಜಿನ ಚಾವಣಿಯನ್ನು ಹೊತ್ತಿವೆ. ಗಾಜು ತಯಾರಾದದ್ದೂ ಗ್ಲಾಸ್ಗೋದಲ್ಲೇ. ಅದರ ಮೇಲಿನ ನವಿಲು, ಹೂಬಳ್ಳಿಗಳ ಚಿತ್ರ ಬರೆದುಕೊಟ್ಟವರು ಮಾತ್ರ ಮೈಸೂರಿನ ಕಲಾವಿದರು. ಗ್ಲಾಸ್ಗೋದಿಂದ ಗುಬ್ಬಿ ತರಿಸಬಹುದಿತ್ತು, ನವಿಲನ್ನು ಇಲ್ಲಿಯೇ ಬರೆಯಬೇಕಿತ್ತು.

ಬೀಡಿನ ಕೆಲಸವನ್ನು ಕಣ್ಣಿನಿಂದ ಗುರುತಿಸುವುದು ಕಷ್ಟವಲ್ಲ. ಒಂದು ಕಂಬದ ಎಲೆಯ ಒಂದು ಸುರುಳಿಯನ್ನು ಗುರುತಿಟ್ಟುಕೊಂಡು ಪಕ್ಕದ ಕಂಬದಲ್ಲಿ ಅದೇ ಜಾಗ ನೋಡಿ. ಅಚ್ಚು ಒಂದೇ ಆದ್ದರಿಂದ ಸುರುಳಿ ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ. ಕಲ್ಲಿನಲ್ಲಿ ಕೆತ್ತಿದ್ದರೆ ಶಿಲ್ಪಿಯ ಉಳಿ ಎರಡು ಸಲ ಒಂದೇ ಥರ ಹೋಗುವುದಿಲ್ಲ; ಒಂದು ಎಲೆ ಕೊಂಚ ದಪ್ಪ, ಇನ್ನೊಂದರ ತುದಿ ಕೊಂಚ ಬಾಗಿದ್ದು. ಅರಮನೆಯೊಳಗೆ ಎರಡೂ ಬಗೆಯ ಕೆಲಸ ಇದೆ, ಹೋಲಿಸಿ ನೋಡಬಹುದು. ಮುಟ್ಟಿ ನೋಡುವುದು ಬೇಡ, ಕೈಯ ಬೆವರು ಮೆರುಗಿಗೆ ಶತ್ರು.

ಬೀಡನ್ನು ಕಂಬಕ್ಕೆ ಮಾತ್ರ ಏಕೆ ಬಳಸುತ್ತಿದ್ದರು? ತೊಲೆಗೆ ಏಕಿಲ್ಲ?

ಬೀಡು ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಪೊಳ್ಳು. ಕಂಬದ ಮೇಲೆ ಬೀಳುವುದು ಹೆಚ್ಚಿನಂಶ ನೇರ ಒತ್ತಡ, ಹೀಗಾಗಿ ಅಲ್ಲಿ ಸರಿ. ತೊಲೆ ಬಾಗಿದಾಗ ಕೆಳಮೈ ಎಳೆತಕ್ಕೆ ಸಿಗುತ್ತದೆ. ಅಲ್ಲಿ ಬೀಡು ಮುನ್ಸೂಚನೆ ಕೊಡದೆ ತುಂಡಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ತೊಲೆಗಳಿಗೆ ಮೆದು ಕಬ್ಬಿಣವೋ ಉಕ್ಕೋ ಬಂದಿತ್ತು. ಹಳೆಯ ಕಟ್ಟಡದಲ್ಲಿ ಬೀಡಿನ ತೊಲೆ ಕಂಡರೆ ಅದರ ಮೇಲೆ ಹೊಸ ನೀರಿನ ಟ್ಯಾಂಕು, ಎಸಿ ಯಂತ್ರ ಹೇರುವ ಮೊದಲು ಎಂಜಿನಿಯರ್ ಕೈಲಿ ಲೆಕ್ಕ ಹಾಕಿಸಿ.

ಮೈಸೂರು ಅರಮನೆಯ ಶೈಲಿಯನ್ನು "ಇಂಡೋ ಸಾರ್ಸೆನಿಕ್" ಎನ್ನುತ್ತಾರಲ್ಲ, ಹಾಗೆಂದರೆ ಸರಳವಾಗಿ ಏನು?

ಒಳಗಿನ ನಕ್ಷೆ ವಿಲಾಯಿತಿಯದು, ಹೊರಗಿನ ಉಡುಗೆ ಇಲ್ಲಿಯದು. ಮೊಗಲ್, ರಜಪೂತ, ದಕ್ಷಿಣದ ದೇವಾಲಯ, ಗಾಥಿಕ್ ಎಲ್ಲದರಿಂದಲೂ ತುಣುಕು ತೆಗೆದುಕೊಂಡು ಹೊಲಿದ ಶೈಲಿ. ಮೈಸೂರು ಅರಮನೆಯ ಎದುರು ನಿಂತು ನೋಡಿ: ಈರುಳ್ಳಿಯಾಕಾರದ ಗುಮ್ಮಟ ಇಸ್ಲಾಮೀ ವಾಸ್ತುವಿನಿಂದ, ಮೂಲೆಯ ಛತ್ರಿ ಮತ್ತು ಬಾಗಿದ ಸೂರು ರಾಜಸ್ಥಾನದಿಂದ, ನಡುಕಮಾನಿನ ಮೇಲಿನ ಆನೆಗಳ ನಡುವಿನ ಗಜಲಕ್ಷ್ಮಿ ನಮ್ಮ ದೇಗುಲಗಳಿಂದ, ಒಳಗಿನ ಬೀಡು ಮತ್ತು ಗಾಜು ಬ್ರಿಟನ್ನಿನ ರೈಲು ನಿಲ್ದಾಣಗಳ ಕಾಲದಿಂದ. ಇದನ್ನು ಕಲಬೆರಕೆ ಎಂದು ಮೂಗು ಮುರಿಯುವವರೂ ಇದ್ದಾರೆ. ಮದ್ರಾಸಿನ ಕೆಲವು ಕಟ್ಟಡಗಳಿಗೆ ಆ ಮಾತು ಒಪ್ಪುತ್ತದೆ, ಮೈಸೂರಿಗೆ ಅಷ್ಟಾಗಿ ಒಪ್ಪದು. ಇಲ್ಲಿ ಅಳತೆಗಳ ಹದ ತಪ್ಪಿಲ್ಲ.

ಮೈಸೂರಿಗೆ ಬರುವ ಮೊದಲು ಅವರು ಏನೇನು ಕಟ್ಟಿದ್ದರು?

ಶಿಮ್ಲಾದ ವೈಸ್‌ರೀಗಲ್ ಲಾಡ್ಜ್ ಅವರ ಮೊದಲ ದೊಡ್ಡ ಹೆಸರು. 1888ರಲ್ಲಿ ಲಾರ್ಡ್ ಡಫರಿನ್ ಅಲ್ಲಿ ವಾಸಕ್ಕೆ ಬಂದರು; ಇವತ್ತು ಅದು ಭಾರತೀಯ ಉನ್ನತ ಅಧ್ಯಯನ ಸಂಸ್ಥೆ. ಮೊದಲ ದಿನದಿಂದಲೇ ವಿದ್ಯುದ್ದೀಪ ಇದ್ದ ಮನೆ ಅದು. ಮೇಣದಿಂದ ಬಾಯಿ ಮುಚ್ಚಿದ ನೀರಿನ ಕೊಳವೆಗಳನ್ನೂ ಅಲ್ಲಿ ಅಳವಡಿಸಲಾಗಿತ್ತು: ಬೆಂಕಿಯ ಶಾಖಕ್ಕೆ ಮೇಣ ಕರಗಿದರೆ ನೀರು ತಾನಾಗಿ ಚಿಮ್ಮಬೇಕು. ಒಂಬತ್ತು ವರ್ಷದ ಬಳಿಕ, ಬೆಂಕಿಗೆ ಅರಮನೆ ಕಳೆದುಕೊಂಡ ರಾಣಿಗೆ ಇಂಥವರೇ ಬೇಕಿದ್ದರು ಎಂದುಕೊಂಡರೆ ತಪ್ಪಾಗದು. ಶಿಮ್ಲಾದ ಮಾಲ್ ರಸ್ತೆಯ ಗೇಯಟಿ ಥಿಯೇಟರ್ (1887) ಕೂಡ ಅವರದೇ.

ಮದ್ರಾಸಿನಲ್ಲಿ ಹೈಕೋರ್ಟು. ಇದರ ಮೂಲ ನಕ್ಷೆ ಜೆ. ಡಬ್ಲ್ಯು. ಬ್ರಾಸಿಂಗ್ಟನ್ ಅವರದು, ಅದನ್ನು ಕೈಗೆತ್ತಿಕೊಂಡು 1892ರಲ್ಲಿ ಮುಗಿಸಿದವರು ಇರ್ವಿನ್. ಅದರ ಅತಿ ಎತ್ತರದ ಗೋಪುರದ ತುದಿ 1894ರಿಂದ 1977ರವರೆಗೆ ಹಡಗುಗಳಿಗೆ ದೀಪಸ್ತಂಭವೂ ಆಗಿತ್ತು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಹಡಗು ಮದ್ರಾಸಿನ ಮೇಲೆ ಗುಂಡು ಹಾರಿಸಿದಾಗ ಹೈಕೋರ್ಟಿನ ಕಾಂಪೌಂಡ್ ಗೋಡೆಗೂ ಪೆಟ್ಟು ಬಿತ್ತು. ಪಕ್ಕದ ಲಾ ಕಾಲೇಜು, ಎಗ್ಮೋರಿನ ಕನ್ನೆಮರ ಗ್ರಂಥಾಲಯ (1896) ಇವೂ ಅವರ ಲೆಕ್ಕಕ್ಕೆ ಸೇರುತ್ತವೆ.

ಅರಮನೆ ಕೆಲಸ ನಡೆಯುತ್ತಿದ್ದಾಗ ಬೇರೆ ಕಟ್ಟಡಗಳನ್ನೂ ಮಾಡಿದರೇ?

ಮಾಡಿದರು. ಮದ್ರಾಸಿನ ಎಗ್ಮೋರ್ ರೈಲು ನಿಲ್ದಾಣ 1908ರಲ್ಲಿ ತೆರೆಯಿತು. ವಿನ್ಯಾಸ ಇರ್ವಿನ್ ಮತ್ತು ಇ. ಸಿ. ಬರ್ಡ್ ಇಬ್ಬರದು, ಕಟ್ಟಿದ ಗುತ್ತಿಗೆದಾರರು ಬೆಂಗಳೂರಿನ ಟಿ. ಸಾಮಿನಾಥ ಪಿಳ್ಳೆ. 1909ರ ವಿಕ್ಟೋರಿಯಾ ಮೆಮೋರಿಯಲ್ ಹಾಲ್, ಅಂದರೆ ಈಗಿನ ಚೆನ್ನೈ ವಸ್ತುಸಂಗ್ರಹಾಲಯದ ಆವರಣದ ನ್ಯಾಷನಲ್ ಆರ್ಟ್ ಗ್ಯಾಲರಿ, ಗುಲಾಬಿ ಮರಳುಗಲ್ಲಿನದು. ಫತೇಪುರ್ ಸಿಕ್ರಿಯ ಬುಲಂದ್ ದರ್ವಾಜಾ ನೋಡಿದವರಿಗೆ ಅದರ ಮುಂಭಾಗ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಮರಳುಗಲ್ಲು ಮೈಸೂರಿನ ಗ್ರಾನೈಟಿನ ಹಾಗಲ್ಲ. ಸಮುದ್ರದ ಗಾಳಿಯ ಉಪ್ಪು ಅದರ ರಂಧ್ರದೊಳಗೆ ಹರಳುಗಟ್ಟಿ, ಮೈ ಪದರ ಪದರವಾಗಿ ಉದುರುತ್ತದೆ. ಆ ಕಟ್ಟಡ ಶಿಥಿಲವಾಗಿ ವರ್ಷಗಟ್ಟಲೆ ಸಾರ್ವಜನಿಕರಿಗೆ ಮುಚ್ಚಿತ್ತು.

ಇರ್ವಿನ್ ಹೆಸರಿಗೆ ತಪ್ಪಾಗಿ ಅಂಟಿರುವ ಕಟ್ಟಡಗಳು ಯಾವುವು?

ಮೈಸೂರಿನ ಲಲಿತಮಹಲ್ ಅರಮನೆ ಇ. ಡಬ್ಲ್ಯು. ಫ್ರಿಚ್ಲಿ ಅವರದು, 1921ರಲ್ಲಿ ಶಂಕುಸ್ಥಾಪನೆ. ಜಗನ್ಮೋಹನ ಅರಮನೆ ಇರ್ವಿನ್ ಮೈಸೂರಿಗೆ ಬರುವುದಕ್ಕೆ ಮೂರೂವರೆ ದಶಕ ಮೊದಲಿನದು. ಬೆಂಗಳೂರಿನ ಅಠಾರಾ ಕಚೇರಿ ಎಂಜಿನಿಯರ್ ಸ್ಯಾಂಕಿಯವರ ಕಾಲದ್ದು. ಚೆನ್ನೈನ ಸೆನೆಟ್ ಹೌಸ್ ಮತ್ತು ವಿಕ್ಟೋರಿಯಾ ಪಬ್ಲಿಕ್ ಹಾಲ್ ಚಿಸಮ್ ಅವರವು, ರಿಪ್ಪನ್ ಬಿಲ್ಡಿಂಗ್ ಜಿ. ಎಸ್. ಟಿ. ಹ್ಯಾರಿಸ್ ಅವರದು. ಅದರಲ್ಲೂ ವಿಕ್ಟೋರಿಯಾ ಪಬ್ಲಿಕ್ ಹಾಲ್ ಮತ್ತು ವಿಕ್ಟೋರಿಯಾ ಮೆಮೋರಿಯಲ್ ಹಾಲ್ ಅದಲುಬದಲಾಗುವುದು ನಿತ್ಯದ ಮಾತು: ಮೊದಲನೆಯದು ಕೆಂಪು ಇಟ್ಟಿಗೆಯದು, ಸೆಂಟ್ರಲ್ ನಿಲ್ದಾಣದ ಹತ್ತಿರ, ಎರಡನೆಯದು ಕಲ್ಲಿನದು, ಎಗ್ಮೋರಿನಲ್ಲಿ.

ಅರಮನೆಯನ್ನು ಇರ್ವಿನ್ ಒಬ್ಬರೇ ಕಟ್ಟಿದರೇ?

ನಕ್ಷೆಗೆ ಸಹಿ ಒಬ್ಬರದು, ಕಟ್ಟಡ ನೂರಾರು ಜನರದು. ಅರಮನೆ ವಿಭಾಗದ ಕಾರ್ಯನಿರ್ವಾಹಕ ಎಂಜಿನಿಯರ್ ಬಿ. ಪಿ. ರಾಘವುಲು ನಾಯ್ಡು ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದವರು. ಅವರ ಹೆಸರು ಬಿಟ್ಟು ಅರಮನೆಯ ಕಥೆ ಹೇಳುವುದು ಅನ್ಯಾಯ. ಕಲ್ಲು ಕೆತ್ತಿದವರು, ಬೀಟೆಯಲ್ಲಿ ದಂತ ಕೂರಿಸಿದವರು, ಗಾರೆ ಕೆಲಸದವರು ಬೇರೆ. ಮದ್ರಾಸಿನಲ್ಲೂ ಇರ್ವಿನ್ ನಕ್ಷೆಗಳ ಹಿಂದೆ ಟಿ. ನಂಬೆರುಮಾಳ್ ಚೆಟ್ಟಿಯಂಥ ಗಟ್ಟಿ ಗುತ್ತಿಗೆದಾರರಿದ್ದರು.

ಇವತ್ತು ನಾವು ನೋಡುವುದು 1912ರ ಅರಮನೆಯೇ?

ಪೂರ್ತಿ ಅಲ್ಲ. 1930ರ ದಶಕದಲ್ಲಿ ಶುರುವಾದ ವಿಸ್ತರಣೆ ಜಯಚಾಮರಾಜ ಒಡೆಯರ ಹೊತ್ತಿನಲ್ಲಿ, 1940ರ ಸುಮಾರಿಗೆ ಮುಗಿಯಿತು. ಮುಂಭಾಗದ ಸಾರ್ವಜನಿಕ ದರ್ಬಾರ್ ಹಾಲಿನ ಈಗಿನ ರೂಪ ಆ ಕಾಲದ್ದು. ಕಲ್ಯಾಣ ಮಂಟಪದ ಗೋಡೆಯ ದಸರಾ ಮೆರವಣಿಗೆಯ ವರ್ಣಚಿತ್ರಗಳೂ 1930–40ರ ದಶಕದವು. ಸುಮಾರು ಒಂದು ಲಕ್ಷ ಬಲ್ಬುಗಳ ದೀಪಾಲಂಕಾರವಂತೂ ಇರ್ವಿನ್ ನಕ್ಷೆಯಲ್ಲಿ ಇರುವುದು ಸಾಧ್ಯವೇ ಇರಲಿಲ್ಲ: ಕೆಲಸ ಶುರುವಾದಾಗ ಶಿವನಸಮುದ್ರದ ವಿದ್ಯುತ್ತೇ ಹುಟ್ಟಿರಲಿಲ್ಲ. ಅದು 1902ರಲ್ಲಿ ಕೋಲಾರದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, ಆಮೇಲೆ ಮೈಸೂರಿಗೆ ಹರಿದದ್ದು.

ನೋಡಲು ಹೋದಾಗ ಯಾವುದನ್ನು ಗಮನಿಸಬೇಕು?

ಜನ ಒಳಗೆ ಹೋಗುವುದು ದಕ್ಷಿಣದ ವರಾಹ ದ್ವಾರದಿಂದ. ಚಪ್ಪಲಿ ಹೊರಗೆ ಬಿಡಬೇಕು. ಇದು ಬರೀ ಸಂಪ್ರದಾಯವಲ್ಲ, ಬೂಟಿನಡಿಯ ಮರಳು ನೆಲದ ಟೈಲು, ಅಮೃತಶಿಲೆಯನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಮೊದಲು ಹೊರಗೆ, ಮುಂಭಾಗಕ್ಕೆ ದೂರದಿಂದ ನಿಂತು ಗೋಪುರದ ಎತ್ತರವನ್ನು ಕಟ್ಟಡದ ಉದ್ದದೊಂದಿಗೆ ಹೋಲಿಸಿ. ಒಳಗೆ ಗೊಂಬೆತೊಟ್ಟಿ, ಅಂದರೆ ಗೊಂಬೆಗಳನ್ನು ಜೋಡಿಸಿಟ್ಟ ಮೊಗಸಾಲೆ, ದಾಟುವಾಗ ಹಳೆಯ ಮರದ ಅರಮನೆಯ ಮಾದರಿಯನ್ನು ತಪ್ಪಿಸಿಕೊಳ್ಳಬೇಡಿ. ಅದನ್ನು ನೋಡಿದ ಮೇಲೆಯೇ ಕಲ್ಯಾಣ ಮಂಟಪದ ಬೀಡಿನ ಕಂಬಗಳು ಏಕೆ ಬಂದವೆಂಬುದು ಹೊಳೆಯುವುದು. ಗಾಜಿನ ಚಾವಣಿಗೆ ಬಿಸಿಲು ನೆತ್ತಿಯ ಮೇಲಿರುವ ಹೊತ್ತು ಒಳ್ಳೆಯದು. ಅಂಬಾವಿಲಾಸದಲ್ಲಿ ಎಲ್ಲರೂ ಮೇಲೆ ನೋಡುತ್ತಾರೆ. ನೀವು ಒಮ್ಮೆ ನೆಲ ನೋಡಿ, ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೊರೆದು ಕೂರಿಸಿದ ಹೂಬಳ್ಳಿ ಇದೆ.

ನಮ್ಮ ಊರಲ್ಲೂ ಅದೇ ಕಾಲದ ಕಟ್ಟಡ ಇದೆ, ತಾರಸಿ ಸೋರುತ್ತದೆ. ಕಾರಣವೇನು?

ಆ ಕಾಲದಲ್ಲಿ ದಕ್ಷಿಣದಲ್ಲಿ ರೂಢಿಯಲ್ಲಿದ್ದದ್ದು ಎರಡು ಬಗೆ. ಒಂದು ಮದ್ರಾಸ್ ತಾರಸಿ: ತೇಗದ ಜಂತೆಗಳ ಮೇಲೆ ಒಂದಿಂಚು ದಪ್ಪದ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು–ಸುಣ್ಣದ ಮೂರು ನಾಲ್ಕು ಇಂಚಿನ ಪದರ ಬಡಿದು, ಕೊನೆಗೆ ಚಪ್ಪಟೆ ಹೆಂಚು ಕೂರಿಸುವುದು. ಇನ್ನೊಂದು ಜಾಕ್ ಆರ್ಚ್: ಮೂರರಿಂದ ಐದು ಅಡಿಗೊಂದರಂತೆ ಉಕ್ಕಿನ ತೊಲೆ, ನಡುನಡುವೆ ಇಟ್ಟಿಗೆಯ ಕಿರುಕಮಾನು.

ಎರಡಕ್ಕೂ ಜೀವ ಇರುವುದು ಆ ಸುಣ್ಣದ ಪದರದಲ್ಲಿ. ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ, ಕೊಡತಿ ಪುಟಿಯುವವರೆಗೆ ಬಡಿಯುತ್ತಿದ್ದರು. ಈಗ ಸೋರಿದ ತಕ್ಷಣ ಮಾಡುವುದೇನು? ಮೇಲೆ ಸಿಮೆಂಟ್ ಎರೆಯುವುದು. ಸಿಮೆಂಟ್ ಗಡಸು, ಸುಣ್ಣ ಮೆದು. ಬಿಸಿಲಿಗೆ ಎರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ನಡುವೆ ಸೀಳು ಬಿಡುತ್ತದೆ. ಸೀಳಿಗೆ ಇಳಿದ ನೀರು ಮೇಲೆ ಆರಲಾಗದೆ ಒಳಗೇ ನಿಂತು ಜಂತೆಯ ತುದಿ ಕೊಳೆಸುತ್ತದೆ, ಉಕ್ಕಿನ ತೊಲೆಗೆ ತುಕ್ಕು ಹಿಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಪಕ್ಕದ ಇಟ್ಟಿಗೆ ಒಡೆಯುತ್ತದೆ. ಮೂರು ಮಳೆಗಾಲದಲ್ಲಿ ಮೊದಲಿಗಿಂತ ದೊಡ್ಡ ಸೋರಿಕೆ.

ಹಾಗಾದರೆ ಸರಿಯಾದ ದುರಸ್ತಿ ಹೇಗೆ?

ಮೊದಲು ನೀರು ಹೋಗುವ ದಾರಿ ನೋಡಿ. ಅರ್ಧಕ್ಕರ್ಧ ಸೋರಿಕೆ ಕಟ್ಟಿಕೊಂಡ ದೋಣಿಕೊಳವೆಯದ್ದೇ ಆಗಿರುತ್ತದೆ. ಅದು ಸರಿಯಿದ್ದೂ ಸೋರಿದರೆ ಸಿಮೆಂಟಿನ ತೇಪೆಯನ್ನು ಸಣ್ಣ ಉಳಿಯಿಂದ ಕೈಯಲ್ಲೇ ಬಿಡಿಸಿ. ಯಂತ್ರ ಹಚ್ಚಿದರೆ ಕೆಳಗಿನ ಸುಣ್ಣದ ಪದರವೂ ಅದುರಿ ಬಿಡುತ್ತದೆ. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ಜರಡಿ ಹಿಡಿದು, ಕಡಿಮೆಯೆಂದರೆ ಎರಡು ವಾರ ನೀರಿನಡಿ ಬಿಡಿ. ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಮರಳು. ಮಳೆಗೆ ಒಡ್ಡಿಕೊಳ್ಳುವ ಜಾಗವಾದರೆ ಮರಳಿನಲ್ಲಿ ಅರ್ಧ ತೆಗೆದು ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಹಾಕಿ. ಗೋಡೆಯ ಸಂದುಗಳಾದರೆ ಒಂದಿಂಚು ಆಳ ಕೆರೆದು, ದೂಳು ತೆಗೆದು, ನೀರು ಹೊಡೆದು, ಆಮೇಲೆ ಗಾರೆ ಒತ್ತಿ. ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಮೆತ್ತಬೇಡಿ, ಬಿರುಕು ಖಂಡಿತ. ಒದ್ದೆ ಗೋಣಿತಟ್ಟು ಹೊದಿಸಿ ಒಂದರಿಂದ ಎರಡು ವಾರ ತೇವ ಆರದಂತೆ ನೋಡಿಕೊಳ್ಳಿ. ಏಪ್ರಿಲ್ ಬಿಸಿಲಲ್ಲೂ ಮಳೆ ಸುರಿಯುವಾಗಲೂ ಈ ಕೆಲಸ ಬೇಡ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಹದವಾದವು.

ಗೋಡೆಯಲ್ಲಿ ಅರಳಿ ಗಿಡ ಹುಟ್ಟಿದೆ, ಕೀಳಬಹುದೇ?

ಬೆರಳುದ್ದದ ಸಸಿಯಾದರೆ ಬೇರು ಸಮೇತ ಕೀಳಿ. ಕಾಂಡ ಹೆಬ್ಬೆರಳಷ್ಟು ದಪ್ಪ ಆಗಿದ್ದರೆ ಎಳೆಯಬೇಡಿ, ಬೇರಿನ ಜೊತೆ ಕಲ್ಲೇ ಬರುತ್ತದೆ. ಬುಡಕ್ಕೆ ಕತ್ತರಿಸಿ, ಕತ್ತರಿಸಿದ ಕೂಡಲೇ ಹಸಿ ಮೈಗೆ ಬೇರು ಸಾಯಿಸುವ ಔಷಧಿ ಹಚ್ಚಿ. ಮತ್ತೆ ಚಿಗುರಿದರೆ ಮತ್ತೆ ಹಚ್ಚಿ. ಬೇರು ಒಣಗಿದ ಮೇಲೆ ಸಂದನ್ನು ಸುಣ್ಣದ ಗಾರೆಯಿಂದ ತುಂಬಿ. ಬೀಜ ತರುವುದು ಹಕ್ಕಿ, ಆದ್ದರಿಂದ ಅದೇ ಸೂರಿನ ಕೆಳಗೆ ವರ್ಷಕ್ಕೆ ಎರಡು ಸಲ ಕಣ್ಣಾಡಿಸಬೇಕು.

ಬಣ್ಣದ ಗಾಜಿನ ಕಿಟಕಿ ಹೊರಕ್ಕೆ ಉಬ್ಬಿದೆ. ಗಾಜು ಬದಲಿಸಬೇಕೇ?

ತಪ್ಪು ಸಾಮಾನ್ಯವಾಗಿ ಗಾಜಿನದಲ್ಲ, ಗಾಜಿನ ತುಣುಕುಗಳನ್ನು ಹಿಡಿದಿರುವ ಸೀಸದ ಪಟ್ಟಿಯದು. ಸೀಸ ಮೆದು, ಬಿಸಿಲಿಗೆ ಹಿಗ್ಗಿ, ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಕಿಟಕಿಗೆ ಅಡ್ಡ ಹಾಯುವ ಕಂಬಿಗಳಿಗೆ ಕಟ್ಟಿದ ತಂತಿಗಳು ತುಂಡಾಗಿವೆಯೇ ಮೊದಲು ನೋಡಿ, ಬಹಳ ಸಲ ಅಷ್ಟು ಬಿಗಿದರೇ ಸಾಕು. ಉಬ್ಬನ್ನು ಕೈಯಿಂದ ಒತ್ತಿ ಸರಿಮಾಡಲು ಹೋದರೆ ಗಾಜು ಒಡೆಯುತ್ತದೆ. ಹೊರಗಡೆ ಅಕ್ರಿಲಿಕ್ ಹಾಳೆ ಬಿಗಿದು ಮುಚ್ಚುವುದಾದರೆ ಮೇಲೆ ಕೆಳಗೆ ಗಾಳಿಯಾಡಲು ಸಂದು ಬಿಡಿ; ಇಲ್ಲವಾದರೆ ನಡುವೆ ಶಾಖ ಕಟ್ಟಿ ಸೀಸ ಇನ್ನೂ ಬೇಗ ಬಾಗುತ್ತದೆ.